"ಮೊದಲ ಕಪ್ಪು ಮಹಿಳೆ" ಎಂಬ ಸುದ್ದಿ ಇನ್ನೂ ಯಾಕೆ ಮುಗಿದಿಲ್ಲ?

ಪ್ರಶ್ನೆ: ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಅಮೆರಿಕದಿಂದ "ಮೊದಲ ಕಪ್ಪು ಮಹಿಳೆ" ಎಂಬ ಸುದ್ದಿ ಬರುತ್ತಲೇ ಇರುತ್ತದೆ. ಮೊದಲ ಉಪಾಧ್ಯಕ್ಷೆ, ಸುಪ್ರೀಂ ಕೋರ್ಟಿನ ಮೊದಲ ನ್ಯಾಯಮೂರ್ತಿ, ಹೀಗೆ. ಗುಲಾಮಗಿರಿ ಹೋಗಿ ನೂರೈವತ್ತು ವರ್ಷ ದಾಟಿತು, ಈ "ಮೊದಲ" ಇನ್ನೂ ಯಾಕೆ ಮುಗಿದಿಲ್ಲ? ಇಂಥವರು ಗೆದ್ದರೆ ಸಾಮಾನ್ಯ ಕಪ್ಪು ಹೆಂಗಸರಿಗೆ ಏನಾದರೂ ಸಿಗುತ್ತದಾ, ಅಥವಾ ಬರೀ ಫೋಟೋಗಾ? ಇನ್ನೊಂದು. ಕಮಲಾ ಹ್ಯಾರಿಸ್ ತಾಯಿ ನಮ್ಮ ಕಡೆಯವರು, ಮತ್ತೆ ಅವರು ಕಪ್ಪು ಮಹಿಳೆ ಹೇಗೆ ಅಂತ ಮಕ್ಕಳು ಕೇಳುತ್ತಾರೆ.

ಉತ್ತರ: ಮಕ್ಕಳ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ ಮೇಡಂ. ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ ತಮಿಳುನಾಡಿನ ಮನೆತನದವರು, ತಂದೆ ಡೊನಾಲ್ಡ್ ಹ್ಯಾರಿಸ್ ಜಮೈಕಾದವರು. ಆ ಮನೆತನದ ಊರು ತುಳಸೇಂದ್ರಪುರದ ದೇವಸ್ಥಾನದಲ್ಲಿ ಹ್ಯಾರಿಸ್ ಹೆಸರಲ್ಲಿ ಪೂಜೆ ನಡೆದದ್ದನ್ನು ನಮ್ಮ ಚಾನೆಲ್‌ಗಳು ತೋರಿಸಿದ್ದೇ ತೋರಿಸಿದ್ದು. ಜಮೈಕಾದ ಹೆಸರು ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಬರಲಿಲ್ಲ. ಅಮೆರಿಕದ ಲೆಕ್ಕ ಬೇರೆ. ಹಿಂದಿನವರಲ್ಲಿ ಒಬ್ಬರು ಕಪ್ಪು ಜನರಾಗಿದ್ದರೂ ಸಾಕು, ನೀವೂ ಕಪ್ಪು. ಇದು ಗುಲಾಮಗಿರಿಯ ಕಾಲದಿಂದ ಬಂದ ರೂಢಿ, ಆಮೇಲೆ ಎಷ್ಟೋ ರಾಜ್ಯಗಳಲ್ಲಿ ಕಾನೂನೇ ಆಯಿತು. ತುಳಿಯಲು ಮಾಡಿದ ಲೆಕ್ಕ ಅದು, ಆದರೆ ಅದರೊಳಗೆ ಬದುಕಿದ ಜನ ಅದನ್ನೇ ತಮ್ಮ ಗುರುತು ಮಾಡಿಕೊಂಡರು. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಈ ದೇಶ ಕಪ್ಪು ಹುಡುಗಿಯರು ಅಂತಲೇ ನೋಡುತ್ತದೆ ಎಂದು ಶ್ಯಾಮಲಾ ಅವರಿಗೆ ಚೆನ್ನಾಗಿ ಗೊತ್ತಿತ್ತು, ಹಾಗೆಯೇ ಹೆಮ್ಮೆಯಿಂದ ಬೆಳೆಸಿದರು ಅಂತ ಹ್ಯಾರಿಸ್ ಬರೆದುಕೊಂಡಿದ್ದಾರೆ. ಕಾಲೇಜಿಗೆ ಹೋಗಿದ್ದೂ ಹವರ್ಡ್ ವಿಶ್ವವಿದ್ಯಾಲಯಕ್ಕೆ, ಅಂದರೆ ವಾಷಿಂಗ್ಟನ್ನಿನಲ್ಲಿರುವ ಕಪ್ಪು ಜನರ ಹಳೆಯ ವಿದ್ಯಾಸಂಸ್ಥೆಗೆ. ಅಲ್ಲೇ 1908ರಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾ ಎಂಬ ಕಪ್ಪು ಹೆಂಗಸರ ಸಂಘಕ್ಕೂ ಸೇರಿದರು. ಹಾಗಾಗಿ ಅವರು ಎರಡೂ ಹೌದು. ಒಂದನ್ನು ಆರಿಸಬೇಕು ಅಂತ ಯಾರು ಹೇಳಿದ್ದು?

ಈ ವಿಷಯದಲ್ಲಿ ನಮ್ಮ ಮಂಗಳೂರಿನವರೇ ಒಬ್ಬರು ಮಕ್ಕಳಿಗೆ ಒಳ್ಳೆಯ ಪಾಠವಾಗುತ್ತಾರೆ. ಕಮಲಾದೇವಿ ಚಟ್ಟೋಪಾಧ್ಯಾಯ. 1926ರಲ್ಲೇ ಮದ್ರಾಸ್ ಶಾಸನ ಪರಿಷತ್ತಿಗೆ ನಿಂತು ಸ್ವಲ್ಪದರಲ್ಲಿ ಸೋತವರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕ ಸುತ್ತುತ್ತಾ ಲೂಸಿಯಾನಾ ಕಡೆ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತಿದ್ದರು. ಟಿಕೆಟ್ ನೋಡುವವನು ಬಂದು ಏಳಿ ಅಂದ. ಇವರು ಏಳಲಿಲ್ಲ. ಅವನಿಗೆ ಆಮೇಲೆ ಏನೋ ಅನುಮಾನ ಬಂದು, ನೀವು ಯಾವ ದೇಶದವರು ಅಂತ ವಾಪಸ್ ಬಂದು ಕೇಳಿದ. ಭಾರತದವಳು ಅಂದಿದ್ದರೆ ಪರದೇಶದ ಅತಿಥಿ ಅಂತ ಸುಮ್ನೆ ಬಿಟ್ಟುಬಿಡುತ್ತಿದ್ದನೇನೋ. ಯಾವ ದೇಶವಾದರೇನು, ನಾನು ಬಣ್ಣದ ಹೆಂಗಸು ಅನ್ನುವುದು ಕಾಣುತ್ತಲೇ ಇದೆ, ಇಲ್ಲಿಂದ ಏಳುವುದಿಲ್ಲ ಅಂದರು ಕಮಲಾದೇವಿ. ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯನಿಗೆ ಸೀಟು ಬಿಡದೆ ಬಸ್ಸಿನಲ್ಲಿ ಕೂತಿದ್ದು 1955ರಲ್ಲಿ, ಇದಾಗಿ ಎಷ್ಟೋ ವರ್ಷದ ಮೇಲೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ನೂರೈವತ್ತು ವರ್ಷ ಅಂದಿರಿ. ನಾನಾದರೆ 1965ರಿಂದ ಎಣಿಸುತ್ತೇನೆ. 1920ರಲ್ಲಿ ಅಮೆರಿಕದ ಹೆಂಗಸರಿಗೆ ಮತದ ಹಕ್ಕು ಬಂತು ಎಂದು ಪಠ್ಯಪುಸ್ತಕದಲ್ಲಿ ಇರುತ್ತದಲ್ಲ, ಅದು ದಕ್ಷಿಣದ ರಾಜ್ಯಗಳ ಕಪ್ಪು ಹೆಂಗಸರ ಪಾಲಿಗೆ ಬರೀ ಕಾಗದದ ಮಾತು. ಮತಪಟ್ಟಿಗೆ ಹೆಸರು ಸೇರಿಸಲು ಹೋದರೆ ತೆರಿಗೆ, ಪರೀಕ್ಷೆ, ಅದೂ ಸಾಲದಿದ್ದರೆ ಹೊಡೆತ.

ಫ್ಯಾನಿ ಲೂ ಹೇಮರ್ ಅಂತ ಒಬ್ಬರಿದ್ದರು, ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದವರು, ಇಪ್ಪತ್ತು ಮಕ್ಕಳ ಮನೆಯಲ್ಲಿ ಕೊನೆಯ ಮಗು. ತನಗೆ ಮತದ ಹಕ್ಕಿದೆ ಅನ್ನುವುದೇ ಅವರಿಗೆ ಗೊತ್ತಾಗಿದ್ದು 44ನೇ ವಯಸ್ಸಿನಲ್ಲಿ. 1962ರ ಆಗಸ್ಟ್‌ನಲ್ಲಿ ಹೆಸರು ಬರೆಸಲು ಹೋದರು. ಅಲ್ಲಿದ್ದ ಅಧಿಕಾರಿ ರಾಜ್ಯದ ಸಂವಿಧಾನದ ಒಂದು ಭಾಗ ಕೊಟ್ಟು ಅರ್ಥ ಬರಿ ಅಂದ. ಕುದುರೆಗೆ ಕ್ರಿಸ್‌ಮಸ್ ಹಬ್ಬದ ಬಗ್ಗೆ ಎಷ್ಟು ಗೊತ್ತೋ ನನಗೂ ಅದರ ಬಗ್ಗೆ ಅಷ್ಟೇ ಗೊತ್ತಿತ್ತು ಅಂತ ಆಮೇಲೆ ನಗುತ್ತಾ ಹೇಳುತ್ತಿದ್ದರು. ಅಂದು ಮನೆಗೆ ಬರುವಷ್ಟರಲ್ಲಿ ತೋಟದ ಯಜಮಾನನಿಗೆ ಸುದ್ದಿ ಮುಟ್ಟಿತ್ತು. 18 ವರ್ಷ ದುಡಿದ ಜಾಗದಿಂದ ಅದೇ ರಾತ್ರಿ ಹೊರಗೆ ಹಾಕಿದ. ಮರುವರ್ಷ ವಿನೋನಾ ಎಂಬ ಊರಿನ ಜೈಲಿನಲ್ಲಿ ಪೊಲೀಸರು ಹೊಡೆಸಿದ ಹೊಡೆತದಿಂದ ಸಾಯುವ ತನಕ ಚೇತರಿಸಿಕೊಳ್ಳಲಿಲ್ಲ. 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ. ಮಿಸಿಸಿಪ್ಪಿಯಿಂದ ಬರೀ ಬಿಳಿಯರ ತಂಡ ಬಂದಿದೆ, ಅದು ನಮ್ಮ ಪ್ರತಿನಿಧಿ ಅಲ್ಲ ಎಂದು ಹೇಮರ್ ಟಿವಿ ಕ್ಯಾಮೆರಾಗಳ ಮುಂದೆ ಹೇಳತೊಡಗಿದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಎಷ್ಟು ಹೆದರಿದರು ಅಂದರೆ, ಕ್ಯಾಮೆರಾ ತಮ್ಮ ಕಡೆ ತಿರುಗಲಿ ಅಂತ ಆ ಹೊತ್ತಿಗೇ ಒಂದು ಪತ್ರಿಕಾಗೋಷ್ಠಿ ಕರೆದರು. ಟಿವಿಯವರು ಸಂಜೆ ಹೇಮರ್ ಮಾತನ್ನೇ ಮತ್ತೆ ಹಾಕಿದರು, ಇಡೀ ದೇಶ ನೋಡಿತು. ಆರನೇ ತರಗತಿಯನ್ನೂ ನೆಟ್ಟಗೆ ಮುಗಿಸದ ಒಬ್ಬ ಕೂಲಿ ಹೆಂಗಸಿನ ಮಾತಿಗೆ ಅಧ್ಯಕ್ಷರು ಅಡ್ಡ ಬರಬೇಕಾಯಿತು ಅಂದರೆ ಆ ಮಾತಿನಲ್ಲಿ ಎಷ್ಟು ಬಿಸಿ ಇದ್ದಿರಬೇಕು, ಯೋಚಿಸಿ. ಮತದಾನ ಹಕ್ಕು ಕಾಯ್ದೆ ಬಂದದ್ದು ಮರುವರ್ಷ.

ಹಾಗಾಗಿ "ಮೊದಲ" ಎಂಬ ಮಾತು ಆ ವ್ಯಕ್ತಿಯ ಬಗ್ಗೆ ಹೇಳುವುದು ಕಡಿಮೆ, ಬಾಗಿಲಿನ ಬಗ್ಗೆ ಹೇಳುವುದೇ ಜಾಸ್ತಿ. ಯೋಗ್ಯತೆ ಇದ್ದವರು ಹೊರಗೆ ಮೊದಲೇ ಇದ್ದರು, ಚಿಲಕ ತೆಗೆದ ದಿನ ಒಬ್ಬರು ಒಳಗೆ ಬಂದರು, ಪತ್ರಿಕೆಯವರು ಆ ದಿನಾಂಕ ಬರೆದುಕೊಂಡರು. ಬಾಗಿಲು ಹಾಗೇ ತೆರೆದಿತ್ತಾ, ಮತ್ತೆ ಮುಚ್ಚಿತಾ ಅಂತ ತಿಳಿಯಬೇಕಾದರೆ ನಾನು ಎರಡನೆಯವರು ಯಾವಾಗ ಬಂದರು ಅಂತ ನೋಡುತ್ತೇನೆ. ಮಕ್ಕಳಿಗೂ ಹಾಗೇ ನೋಡಲು ಹೇಳಿ.

ಶರ್ಲಿ ಚಿಸಮ್ ಅವರನ್ನೇ ತೆಗೆದುಕೊಳ್ಳಿ. 1968ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಪ್ರತಿನಿಧಿ ಸಭೆಗೆ, ಅಂದರೆ ನಮ್ಮ ಲೋಕಸಭೆಯಂಥ ಕೆಳಮನೆಗೆ, ಗೆದ್ದ ಮೊದಲ ಕಪ್ಪು ಮಹಿಳೆ. ತಂದೆಯ ಮೂಲ ಗಯಾನಾ, ತಾಯಿಯದು ಬಾರ್ಬಡೋಸ್. ಇವರು ಪುಟ್ಟ ಮಕ್ಕಳ ಶಾಲೆಯ ಟೀಚರ್ ಆಗಿದ್ದವರು. ಅವರ ಧೈರ್ಯದ ಕಥೆ ಎಲ್ಲರೂ ಹೇಳುತ್ತಾರೆ, ಕ್ಷೇತ್ರದ ಗಡಿಯ ಕಥೆ ಯಾರೂ ಹೇಳುವುದಿಲ್ಲ. ಬೆಡ್‌ಫರ್ಡ್-ಸ್ಟೈವೆಸೆಂಟ್ ಅಂತ ಬ್ರೂಕ್ಲಿನ್‌ನಲ್ಲಿ ಕಪ್ಪು ಜನ ತುಂಬಿದ ಬಡಾವಣೆ. ಅದನ್ನು ಹೋಳು ಹೋಳು ಮಾಡಿ ಸುತ್ತಲಿನ ಬಿಳಿಯರ ಕ್ಷೇತ್ರಗಳಿಗೆ ಹಂಚಿಬಿಟ್ಟಿದ್ದರು. ಅಷ್ಟು ಜನ ಇದ್ದರೂ ಯಾವ ಕ್ಷೇತ್ರದಲ್ಲೂ ಗೆಲ್ಲುವಷ್ಟು ಇಲ್ಲ. ಜನ ಕೋರ್ಟಿಗೆ ಹೋದರು, ಗಡಿ ಮತ್ತೆ ಎಳೆಯಬೇಕಾಯಿತು, ಹನ್ನೆರಡನೇ ಕ್ಷೇತ್ರ ಹುಟ್ಟಿತು. ಆಗ ಚಿಸಮ್ ನಿಂತರು.

ಎದುರಾಳಿ ಯಾರು ಗೊತ್ತಾ? ಜೇಮ್ಸ್ ಫಾರ್ಮರ್, ನಾಗರಿಕ ಹಕ್ಕುಗಳ ಹೋರಾಟದ ದೊಡ್ಡ ಹೆಸರು, ಅವರೂ ಕಪ್ಪು ಜನ. ವಾಷಿಂಗ್ಟನ್ನಿಗೆ ಒಂದು ಗಂಡಸಿನ ದನಿ ಬೇಕು ಅನ್ನುವ ಧಾಟಿಯಲ್ಲಿ ಅವರ ಪ್ರಚಾರ ನಡೆಯಿತು. ಚಿಸಮ್ ಮತಪಟ್ಟಿ ನೋಡಿದರು. ಕ್ಷೇತ್ರದಲ್ಲಿ ಗಂಡಸರಿಗಿಂತ ಹೆಂಗಸರ ಮತ ಸಾವಿರಗಟ್ಟಲೆ ಜಾಸ್ತಿ. ಮನೆಮನೆಗೆ ಹೋದರು, ಪೋರ್ಟೊರಿಕೊದವರ ಮನೆಯಲ್ಲಿ ಸ್ಪ್ಯಾನಿಷ್‌ನಲ್ಲೇ ಮಾತಾಡಿದರು, ಗೆದ್ದರು. ಸಭೆಗೆ ಹೋದರೆ ಕೃಷಿ ಸಮಿತಿಗೆ ಹಾಕಿದರು, ಅದರಲ್ಲೂ ಕಾಡು ನೋಡಿಕೊಳ್ಳುವ ಉಪಸಮಿತಿ. ಬ್ರೂಕ್ಲಿನ್‌ನಲ್ಲಿ ಕಾಡೆಲ್ಲಿ ಬಂತು? ಹೊಸಬರು ಬಾಯಿ ಮುಚ್ಚಿಕೊಂಡು ಇರಬೇಕು ಅನ್ನುವುದು ಅಲ್ಲಿನ ರಿವಾಜು, ಇವರು ಎದ್ದು ನಿಂತು ತಕರಾರು ಮಾಡಿದರು. ಮಾಜಿ ಸೈನಿಕರ ಸಮಿತಿಗೆ ಬದಲಾಯಿಸಿದಾಗ, ನನ್ನ ಕ್ಷೇತ್ರದಲ್ಲಿ ಮರಗಳಿಗಿಂತ ಮಾಜಿ ಸೈನಿಕರೇ ಜಾಸ್ತಿ ಅಂದರು.

1972ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಕೇಳಿದಾಗ ಅವರ ಬೆನ್ನಿಗೆ ನಿಲ್ಲಬೇಕಾದವರೇ ದೂರ ಸರಿದರು. ಕಪ್ಪು ಗಂಡಸರ ನಾಯಕರಿಗೆ ಇವರು ಹೆಂಗಸು, ಮಹಿಳಾ ಹೋರಾಟದ ಬಿಳಿ ನಾಯಕಿಯರಿಗೆ ಗೆಲ್ಲದ ಕುದುರೆ. ಕಪ್ಪು ಬಣ್ಣಕ್ಕಿಂತ ಹೆಣ್ಣಾಗಿದ್ದಕ್ಕೇ ಜಾಸ್ತಿ ಅಡ್ಡಿ ಅನುಭವಿಸಿದೆ ಅಂತ ಅವರು ಹೇಳುತ್ತಿದ್ದರು. ಸಮಾವೇಶದಲ್ಲಿ 152 ಪ್ರತಿನಿಧಿಗಳ ಮತ ಬಿತ್ತು, ಸೋತರು. ಆ ಪ್ರಚಾರದ ಮಧ್ಯೆ ಒಂದು ವಿಚಿತ್ರ ನಡೆಯಿತು. ಅದೇ ಟಿಕೆಟ್ಟಿಗೆ ನಿಂತಿದ್ದ ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ ಮೇಲೆ ಯಾರೋ ಗುಂಡು ಹಾರಿಸಿದರು. ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಬಿಡುವುದಿಲ್ಲ ಅಂತ ಹೆಸರು ಮಾಡಿದ ಮನುಷ್ಯ. ಚಿಸಮ್ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದರು. ಬೆಂಬಲಿಗರು ಸಿಟ್ಟಾದರು, ಇವರು ಕೇರ್ ಮಾಡಲಿಲ್ಲ.

ಬರೀ ಫೋಟೋಗಾ ಅಂತ ಕೇಳಿದಿರಲ್ಲ, ಉತ್ತರ ಇಲ್ಲೇ ಇದೆ. 1938ರಲ್ಲಿ ಅಮೆರಿಕದಲ್ಲಿ ಕನಿಷ್ಠ ಕೂಲಿ ಕಾಯ್ದೆ ಬಂದಾಗ ಮನೆಗೆಲಸದವರನ್ನು ಹೊರಗಿಟ್ಟಿದ್ದರು. ದಕ್ಷಿಣದಲ್ಲಿ ಮನೆಗೆಲಸಕ್ಕೆ ಹೋಗುತ್ತಿದ್ದವರು ಬಹುತೇಕ ಕಪ್ಪು ಹೆಂಗಸರೇ, ಹಾಗಾಗಿ ಯಾರನ್ನು ಬಿಟ್ಟರು ಅಂತ ಬಿಡಿಸಿ ಹೇಳಬೇಕಿಲ್ಲ. 36 ವರ್ಷದ ನಂತರ, 1974ರಲ್ಲಿ, ಅವರೂ ಕಾಯ್ದೆಯೊಳಗೆ ಬಂದರು. ಅದಕ್ಕಾಗಿ ಸಭೆಯಲ್ಲಿ ಓಡಾಡಿದವರಲ್ಲಿ ಚಿಸಮ್ ಮುಂದೆ ಇದ್ದರು, ದಕ್ಷಿಣದ ಸದಸ್ಯರ ಮತ ಬೇಕಾದಾಗ ಅವರ ಪರ ಮಾತಾಡಿದ್ದು ಅದೇ ವಾಲೆಸ್. ಚಿಸಮ್ ಅವರ ತಾಯಿಯೇ ಮನೆಗೆಲಸ ಮಾಡಿದ್ದವರು. ಮನೆಗೆಲಸ ಅಂದರೇನು ಅಂತ ತಾಯಿಯ ಕೈ ನೋಡಿ ತಿಳಿದವರು ಆ ಸಭೆಯಲ್ಲಿ ಎಷ್ಟು ಜನ ಇದ್ದಿರಬಹುದು ಹೇಳಿ.

ಕೆಳಮನೆಯಲ್ಲಿ ಎರಡನೆಯವರು ಬೇಗ ಬಂದರು. ನಾಲ್ಕೇ ವರ್ಷ. 1973ರಲ್ಲಿ ಟೆಕ್ಸಾಸ್‌ನ ಬಾರ್ಬರಾ ಜೋರ್ಡನ್, ಕ್ಯಾಲಿಫೋರ್ನಿಯಾದ ಯವಾನ್ ಬರ್ಕ್, ಇಲಿನಾಯ್‌ನ ಕಾರ್ಡಿಸ್ ಕಾಲಿನ್ಸ್. ಜೋರ್ಡನ್ ಕಥೆಯಲ್ಲೂ ಗಡಿಯದ್ದೇ ಆಟ. ಹೂಸ್ಟನ್‌ನಲ್ಲಿ 1962ರಲ್ಲಿ, 1964ರಲ್ಲಿ ರಾಜ್ಯದ ಕೆಳಮನೆಗೆ ನಿಂತು ಎರಡು ಸಲ ಸೋತಿದ್ದರು, ಯಾಕಂದರೆ ಆಗ ಇಡೀ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಜನ ಮತ ಹಾಕಬೇಕಿತ್ತು. ಕೋರ್ಟಿನ ತೀರ್ಪಿನಿಂದ ಕ್ಷೇತ್ರಗಳನ್ನು ಸಣ್ಣದಾಗಿ ಬಿಡಿಸಿದರು, 1966ರಲ್ಲಿ ಅದೇ ಜೋರ್ಡನ್ ರಾಜ್ಯದ ಸೆನೆಟ್ಟಿಗೆ, ಅಂದರೆ ಮೇಲ್ಮನೆಗೆ, ಗೆದ್ದರು. ಅದೇ ಹೆಂಗಸು, ಅದೇ ಊರು, ಗೆರೆ ಮಾತ್ರ ಬೇರೆ. 1992ರಲ್ಲಿ ಮತ್ತೆ ಗೆರೆಗಳು ಬದಲಾದಾಗ ದಕ್ಷಿಣದಿಂದ ಒಂದೇ ಸಲಕ್ಕೆ ಐದು ಜನ ಹೊಸ ಕಪ್ಪು ಮಹಿಳೆಯರು ಬಂದರು. ನಮ್ಮ ಮೀಸಲು ಕ್ಷೇತ್ರದಂಥದ್ದು ಅಲ್ಲಿಲ್ಲ ಅನ್ನುವುದನ್ನು ಮಕ್ಕಳಿಗೆ ಒತ್ತಿ ಹೇಳಿ. ಯಾರು ಬೇಕಾದರೂ ನಿಲ್ಲಬಹುದು, ಒಂದೇ ಕಡೆ ವಾಸಿಸುವ ಜನರನ್ನು ಹೋಳು ಮಾಡಬೇಡಿ ಅನ್ನುವುದಷ್ಟೇ ವಾದ. ಆ ವಾದವೂ ಸುಪ್ರೀಂ ಕೋರ್ಟಿನಲ್ಲಿ 1993ರಿಂದ ಏಟು ತಿನ್ನುತ್ತಲೇ ಇದೆ.

ಈಗ ದೇಶದ ಸೆನೆಟ್ ನೋಡಿ. ಅಲ್ಲಿ ಗೆರೆ ಎಳೆಯುವ ಮಾತೇ ಇಲ್ಲ, ಇಡೀ ರಾಜ್ಯವೇ ಕ್ಷೇತ್ರ. ದುಡ್ಡು ಬೇಕು, ಬಿಳಿಯರ ಮತ ದಂಡಿಯಾಗಿ ಬೇಕು. 1992ರಲ್ಲಿ ಇಲಿನಾಯ್‌ನಿಂದ ಕ್ಯಾರಲ್ ಮೋಸ್ಲಿ ಬ್ರಾನ್ ಗೆದ್ದರು. ಅದಕ್ಕೂ ಒಂದು ಹಿನ್ನೆಲೆ ಇದೆ. ಹಿಂದಿನ ವರ್ಷ ಅನಿತಾ ಹಿಲ್ ಎಂಬ ಕಪ್ಪು ಪ್ರಾಧ್ಯಾಪಕಿ, ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡಿದ್ದ ಕ್ಲಾರೆನ್ಸ್ ಥಾಮಸ್ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಮಾಡಿದ್ದರು, ಥಾಮಸ್ ಅದನ್ನು ಅಲ್ಲಗಳೆದರು. ಹಿಲ್ ಮಾತು ಕೇಳಲು ಕೂತಿದ್ದ ಸೆನೆಟ್ ಸಮಿತಿಯಲ್ಲಿ ಹದಿನಾಲ್ಕೂ ಜನ ಬಿಳಿ ಗಂಡಸರು. ಆ ದೃಶ್ಯ ಟಿವಿಯಲ್ಲಿ ನೋಡಿದ ಹೆಂಗಸರಿಗೆ ಮೈ ಉರಿಯಿತು. ಥಾಮಸ್ ಪರ ಮತ ಹಾಕಿದ್ದ ತಮ್ಮದೇ ಪಕ್ಷದ ಹಾಲಿ ಸೆನೆಟರನ್ನು ಮೋಸ್ಲಿ ಬ್ರಾನ್ ಪಕ್ಷದೊಳಗಿನ ಚುನಾವಣೆಯಲ್ಲೇ ಸೋಲಿಸಿದರು.

1993ರ ಜುಲೈನಲ್ಲಿ ಸೆನೆಟ್ಟಿನಲ್ಲಿ ಒಂದು ಸಣ್ಣ ವಿಷಯ ಬಂತು. ಗುಲಾಮಗಿರಿಗಾಗಿ ಕಾದಾಡಿದ ದಕ್ಷಿಣದ ಸೈನಿಕರ ವಂಶದ ಹೆಂಗಸರದ್ದೊಂದು ಸಂಘ, ಅದರ ಲಾಂಛನದಲ್ಲಿ ದಕ್ಷಿಣದ ಹಳೆಯ ಬಾವುಟ. ಆ ಲಾಂಛನದ ಪೇಟೆಂಟ್ ನವೀಕರಿಸಬೇಕು ಅಂತ ಜೆಸ್ಸಿ ಹೆಲ್ಮ್ಸ್ ಎಂಬ ಸೆನೆಟರ್ ತಿದ್ದುಪಡಿ ತಂದರು. ಅದನ್ನು ತಡೆಯಲು ಮೋಸ್ಲಿ ಬ್ರಾನ್ ಮಾಡಿದ ಮೊದಲ ಪ್ರಯತ್ನ 52-48ರಲ್ಲಿ ಬಿತ್ತು. ಅವರು ಎದ್ದರು. ನನ್ನ ಹಿರಿಯರನ್ನು ಸರಕಿನಂತೆ ಮಾರುವ ಪದ್ಧತಿ ಉಳಿಯಲಿ ಅಂತ ಹಿಡಿದ ಬಾವುಟಕ್ಕೆ ಈ ಸಭೆ ಮುದ್ರೆ ಒತ್ತುತ್ತದಾ ಎಂಬ ಅರ್ಥದಲ್ಲಿ ಗಂಟೆಗಟ್ಟಲೆ ಮಾತಾಡಿದರು. ಸದಸ್ಯರು ಒಬ್ಬೊಬ್ಬರಾಗಿ ಮನಸ್ಸು ಬದಲಿಸಿದರು, ಅದೇ ದಿನ 75-25ರಲ್ಲಿ ತಿದ್ದುಪಡಿ ಬಿತ್ತು. ಕೆಟ್ಟ ಮನಸ್ಸಿನಿಂದ ಅಲ್ಲ, ಬಹಳ ಜನ ಯೋಚನೆಯೇ ಮಾಡದೆ ಮೊದಲು ಕೈ ಎತ್ತಿದ್ದರು ಅಂತ ನನಗನಿಸುತ್ತದೆ. ಯೋಚನೆ ಮಾಡಿಸುವವರು ಒಬ್ಬರು ಒಳಗೆ ಇರಬೇಕು, ಅಷ್ಟೇ.

ಮೋಸ್ಲಿ ಬ್ರಾನ್ 1998ರಲ್ಲಿ ಸೋತರು. ಎರಡನೆಯವರು ಬಂದದ್ದು 2017ರಲ್ಲಿ, ಅದೇ ಕಮಲಾ ಹ್ಯಾರಿಸ್. ನಡುವೆ 18 ವರ್ಷ ನೂರು ಜನರ ಆ ಮನೆಯಲ್ಲಿ ಒಬ್ಬ ಕಪ್ಪು ಮಹಿಳೆಯೂ ಇಲ್ಲ. ಹ್ಯಾರಿಸ್ ಉಪಾಧ್ಯಕ್ಷೆಯಾದಾಗ ಮತ್ತೆ ಖಾಲಿ. ಇಬ್ಬರು ಒಂದೇ ಹೊತ್ತಿಗೆ ಕೂತದ್ದು 2025ರಲ್ಲಿ ಮೊದಲು, ಮೇರಿಲ್ಯಾಂಡ್‌ನ ಆಂಜೆಲಾ ಆಲ್ಸೊಬ್ರೂಕ್ಸ್, ಡೆಲವೇರ್‌ನ ಲೀಸಾ ಬ್ಲಂಟ್ ರಾಚೆಸ್ಟರ್. ಗವರ್ನರ್ ಹುದ್ದೆಗಂತೂ (ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ರಾಜಭವನದವರಲ್ಲ) 2025ರ ತನಕ ಐವತ್ತು ರಾಜ್ಯಗಳಲ್ಲಿ ಒಬ್ಬರೂ ಗೆದ್ದಿಲ್ಲ. 2018ರಲ್ಲಿ ಜಾರ್ಜಿಯಾದಲ್ಲಿ ಸ್ಟೇಸಿ ಏಬ್ರಮ್ಸ್ ಸುಮಾರು 55 ಸಾವಿರ ಮತದಿಂದ ಸೋತರು. ಎದುರಾಳಿ ಬ್ರಯಾನ್ ಕೆಂಪ್ ಆಗ ರಾಜ್ಯದ ಚುನಾವಣೆಗಳನ್ನು ನೋಡಿಕೊಳ್ಳುವ ಹುದ್ದೆಯಲ್ಲೇ ಇದ್ದರು. ಆಟಗಾರನೇ ಅಂಪೈರ್. 2022ರಲ್ಲಿ ಏಬ್ರಮ್ಸ್ ಮತ್ತೆ ನಿಂತು ಇನ್ನೂ ದೊಡ್ಡ ಅಂತರದಲ್ಲಿ ಸೋತರು, ಹಾಗಾಗಿ ಎಲ್ಲವನ್ನೂ ಅಂಪೈರ್ ತಲೆಗೆ ಕಟ್ಟುವಂತಿಲ್ಲ. 2025ರಲ್ಲಿ ವರ್ಜೀನಿಯಾದಲ್ಲಿ ರಿಪಬ್ಲಿಕನ್ ಪಕ್ಷದ ವಿನ್ಸಮ್ ಅರ್ಲ್-ಸಿಯರ್ಸ್ ಸೋತರು. ಆ ಪಕ್ಷದಲ್ಲಿ ಲೆಕ್ಕ ಇನ್ನೂ ತೆಳು. ಅಲ್ಲಿಂದ ಕೆಳಮನೆಗೆ ಗೆದ್ದ ಮೊದಲ ಕಪ್ಪು ಮಹಿಳೆ ಯೂಟಾದ ಮಿಯಾ ಲವ್, 2014ರಲ್ಲಿ. 2025 ಮುಗಿದರೂ ಎರಡನೆಯವರಿಲ್ಲ. ಸಿನಿಮಾದಲ್ಲೂ ಇದೇ ಪಾಡು. ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಆಸ್ಕರ್ ಗೆದ್ದರು, ಅದೂ ಸಮಾರಂಭದಲ್ಲಿ ಬೇರೆ ಮೇಜಿನಲ್ಲಿ ಕೂತು. ನಟನೆಗೆ ಎರಡನೆಯ ಆಸ್ಕರ್ ವೂಪಿ ಗೋಲ್ಡ್‌ಬರ್ಗ್ ಅವರಿಗೆ, 1991ರಲ್ಲಿ.

ಹ್ಯಾರಿಸ್ 2024ರಲ್ಲಿ ಸೋತದ್ದಕ್ಕೆ ಬಣ್ಣವೇ ಕಾರಣ, ಹೆಣ್ಣಾಗಿದ್ದೇ ಕಾರಣ ಅಂತ ಒಂದೇ ಮಾತಲ್ಲಿ ಹೇಳುವವರನ್ನು ನಾನು ಒಪ್ಪುವುದಿಲ್ಲ. ಬೆಲೆ ಏರಿಕೆ ಇತ್ತು, ಬೈಡನ್ ಕೊನೆಯ ಹೊತ್ತಿಗೆ ಹಿಂದೆ ಸರಿದಿದ್ದರಿಂದ ಪ್ರಚಾರಕ್ಕೆ ಸಿಕ್ಕಿದ್ದು ಮೂರೂವರೆ ತಿಂಗಳು. ಹಾಗಿದ್ದೂ ಸುಮಾರು 7.5 ಕೋಟಿ ಜನ ಮತ ಹಾಕಿದರು. ಆದರೆ ಬಣ್ಣ, ಹೆಣ್ಣು ಯಾವುದೂ ಲೆಕ್ಕಕ್ಕೇ ಬರಲಿಲ್ಲ ಅನ್ನುವವರನ್ನೂ ಒಪ್ಪುವುದಿಲ್ಲ.

ಕೋರ್ಟಿನ ಕಥೆ ಸ್ವಲ್ಪದರಲ್ಲಿ ಹೇಳುತ್ತೇನೆ. ಕೆಟಾಂಜಿ ಬ್ರೌನ್ ಜಾಕ್ಸನ್ 2022ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು, ಸೆನೆಟ್ ಮತ 53-47. ಬೈಡನ್ ಕೊಟ್ಟ ಮಾತು ಅದು. 2020ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಕಪ್ಪು ಮತದಾರರ ಬೆಂಬಲ ಬೇಕೇ ಬೇಕಾಗಿದ್ದಾಗ, ಅಲ್ಲಿನ ಹಿರಿಯ ನಾಯಕ ಜಿಮ್ ಕ್ಲೈಬರ್ನ್ ಒತ್ತಾಯದ ಮೇಲೆ ವೇದಿಕೆಯಲ್ಲೇ ಕೊಟ್ಟದ್ದು. ಮತ ಹಾಕಿದವರು ಸಾಲ ವಸೂಲಿ ಮಾಡಿಕೊಂಡರು. ಜಾಕ್ಸನ್ ನಾಮನಿರ್ದೇಶನದ ದಿನ ನೆನೆದದ್ದು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅವರನ್ನು. ಇಬ್ಬರೂ ಹುಟ್ಟಿದ್ದು ಸೆಪ್ಟೆಂಬರ್ 14, ನಡುವೆ ಸರಿಯಾಗಿ 49 ವರ್ಷ. ಮಾಟ್ಲಿ ವಕೀಲೆಯಾಗಿ ಸುಪ್ರೀಂ ಕೋರ್ಟಿನಲ್ಲಿ ಹತ್ತು ಕೇಸ್ ವಾದಿಸಿ ಒಂಬತ್ತು ಗೆದ್ದವರು, 1966ರಲ್ಲಿ ಫೆಡರಲ್ ಕೋರ್ಟಿನ ಮೊದಲ ಕಪ್ಪು ಮಹಿಳಾ ನ್ಯಾಯಾಧೀಶೆ. ಎರಡನೆಯವರು ಬರಲು 12 ವರ್ಷ ಬೇಕಾಯಿತು. 1975ರಲ್ಲಿ ಒಂದು ದೊಡ್ಡ ವಕೀಲರ ಸಂಸ್ಥೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವಲ್ಲಿ ಭೇದ ಮಾಡುತ್ತದೆ ಎಂಬ ಕೇಸ್ ಅವರ ಮುಂದೆ ಬಂತು. ನೀವು ಕಪ್ಪು ಹೆಂಗಸು, ಈ ಕೇಸ್ ಬಿಟ್ಟುಕೊಡಿ ಅಂತ ಆ ಸಂಸ್ಥೆಯ ಕಡೆಯವರು ಅರ್ಜಿ ಹಾಕಿದರು. ಲಿಂಗವೂ ಜನಾಂಗವೂ ಅಡ್ಡಿಯಾಗುವುದಾದರೆ ಈ ಕೋರ್ಟಿನ ಯಾವ ನ್ಯಾಯಾಧೀಶರೂ ಕೇಸ್ ಕೇಳುವಂತಿಲ್ಲ, ಯಾಕಂದರೆ ಎರಡೂ ಎಲ್ಲರಿಗೂ ಇವೆ ಎಂಬರ್ಥದ ಆದೇಶ ಬರೆದು ಅರ್ಜಿ ತಳ್ಳಿಹಾಕಿದರು. ತರಗತಿಯಲ್ಲಿ ಇದನ್ನು ಓದಿಸಿ, ಹುಡುಗರು ಐದು ನಿಮಿಷ ಸುಮ್ಮನೆ ಕೂರುತ್ತಾರೆ.

ಇನ್ನು ಬಾರ್ಬರಾ ಲೀ. 1972ರಲ್ಲಿ ಓಕ್ಲೆಂಡಿನ ಮಿಲ್ಸ್ ಕಾಲೇಜಿನಲ್ಲಿ ಓದುತ್ತಿದ್ದ ತಾಯಿ. ಯಾವುದಾದರೂ ಪ್ರಚಾರದಲ್ಲಿ ಕೆಲಸ ಮಾಡಲೇಬೇಕು ಅನ್ನುವ ಕೋರ್ಸಿತ್ತು. ಇವರಿಗೆ ಯಾವ ಅಭ್ಯರ್ಥಿಯೂ ಹಿಡಿಸದೆ ಫೇಲಾಗುವ ಹಂತದಲ್ಲಿದ್ದರು. ಕಪ್ಪು ವಿದ್ಯಾರ್ಥಿಗಳ ಸಂಘಕ್ಕೆ ಚಿಸಮ್ ಭಾಷಣಕ್ಕೆ ಬಂದಾಗ ಹತ್ತಿರ ಹೋಗಿ, ನಿಮಗಾಗಿ ದುಡಿಯುತ್ತೇನೆ ಅಂದರು. ಮತಪಟ್ಟಿಯಲ್ಲಿ ಹೆಸರಿದೆಯಾ ಅಂತ ಚಿಸಮ್ ಕೇಳಿದರು. ಇರಲಿಲ್ಲ. ಮೊದಲು ಅದನ್ನು ಮಾಡು ಅಂದರು. ಲೀ ಆ ಕೋರ್ಸ್ ಪಾಸಾದರು, 1998ರಲ್ಲಿ ಕೆಳಮನೆಗೆ ಗೆದ್ದು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಅಲ್ಲಿದ್ದರು. 2024ರಲ್ಲಿ ಸೆನೆಟ್ಟಿಗೆ ಪ್ರಯತ್ನಿಸಿ ಸೋತರು. ಆ ವರ್ಷದ ಡಿಸೆಂಬರ್‌ನಲ್ಲಿ, ಸಭೆ ಬಿಡುವ ಮೊದಲು, ಚಿಸಮ್ ಅವರಿಗೆ ಸಂಸತ್ತಿನ ಚಿನ್ನದ ಪದಕ ಕೊಡುವ ಮಸೂದೆಯನ್ನು ಮುಂದೆ ನಿಂತು ಕಾಯ್ದೆ ಮಾಡಿಸಿದರು. ಈಗ ಓಕ್ಲೆಂಡಿಗೆ ವಾಪಸ್ ಬಂದು ಅಲ್ಲಿನ ಮೇಯರ್ ಆಗಿದ್ದಾರೆ.